ಗುಂಡಿನ ಅಚ್ಚು ತಕರಾರು ಮಾಡಿದಾಗ: ಎಣ್ಣೆ ಎಲ್ಲಿಗೆ, ಎಷ್ಟು, ಯಾವುದು

ಸೀಸ ಕರಗಿಸಿ ಬಂದೂಕಿನ ಗುಂಡು ಹೊಯ್ಯುವ ಹೊಸ ಅಚ್ಚು ಮೊದಲ ಸಲ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಅದಕ್ಕೆ ಧಾರಾಳವಾಗಿ ಎಣ್ಣೆ ಬಿಟ್ಟದ್ದು. ಲೋಹದ ಸಾಮಾನು, ಕೀಲು ಬೇರೆ ಇದೆ, ಎಣ್ಣೆ ಬೇಕೇ ಬೇಕಲ್ವಾ ಅಂತ. ಆ ದಿನ ಬಿದ್ದ ಗುಂಡುಗಳೆಲ್ಲ ತುಂಬಾ ಹೊತ್ತು ನೀರಲ್ಲಿ ನೆನೆದ ಬೆರಳ ತುದಿಯ ಹಾಗೆ ಸುಕ್ಕು ಸುಕ್ಕು. ಸೀಸ ಸರಿಯಿಲ್ಲ ಅಂದುಕೊಂಡೆ, ಬಿಸಿ ಸಾಲದು ಅಂದುಕೊಂಡೆ, ತವರ ಜಾಸ್ತಿ ಹಾಕಿದೆ. ತಪ್ಪು ಎಣ್ಣೆಯದು ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು. ಮುಂದಿನ ಅಚ್ಚಿಗೆ ಎಣ್ಣೆಯನ್ನೇ ಮುಟ್ಟಿಸಲಿಲ್ಲ. ಅದರ ನೆತ್ತಿಯ ಮೇಲೆ ಈಗಲೂ ಗೀರುಗಳಿವೆ.

ಹಾಗಾಗಿ ಈ ಬರಹ ಯಾವ ಎಣ್ಣೆ ಒಳ್ಳೆಯದು ಎಂಬಲ್ಲಿಂದ ಶುರುವಾಗುವುದಿಲ್ಲ. ಕಣ್ಣಿಗೆ ಏನು ಕಾಣುತ್ತಿದೆ, ಕೈಗೆ ಏನು ತಿಳಿಯುತ್ತಿದೆ ಎಂಬಲ್ಲಿಂದ ಶುರು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ತೂಕ ಹೊಯ್ಯುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಅಚ್ಚಿನ ಸ್ವಭಾವ ಒಂದೇ. ಗುಂಡು ಹೊಯ್ಯುವುದಾದರೆ ನೀವಿರುವ ಕಡೆ ಕಾನೂನು ಏನು ಹೇಳುತ್ತದೆ, ಪರವಾನಗಿ ಬೇಕಾ ಎಂಬುದನ್ನು ಮೊದಲೇ ತಿಳಿದುಕೊಂಡಿರಿ.

## ಅಚ್ಚಿನ ಭಾಗಗಳು, ಎಣ್ಣೆಯ ಜಾಗಗಳು

ಅಚ್ಚು ಎಂದರೆ ಎರಡು ಹೋಳು. ಅಲ್ಯೂಮಿನಿಯಂ, ಬೀಡುಕಬ್ಬಿಣ ಅಥವಾ ಹಿತ್ತಾಳೆಯದು. ಎರಡನ್ನೂ ಜೋಡಿಸಿದಾಗ ನಡುವೆ ಗುಂಡಿನ ಆಕಾರದ ಕುಳಿ ಆಗುತ್ತದೆ. ಒಂದು ಹೋಳಿನಲ್ಲಿ ಉಕ್ಕಿನ ಪಿನ್ನುಗಳಿರುತ್ತವೆ, ಇನ್ನೊಂದರಲ್ಲಿ ಅವು ಕೂರುವ ತೂತುಗಳು. ನೆತ್ತಿಯ ಮೇಲೆ ಒಂದು ತಿರುಪಿನ ಸುತ್ತ ತಿರುಗುವ ತಟ್ಟೆ ಇರುತ್ತದೆ, ಅದೇ ಸ್ಪ್ರೂ ಪ್ಲೇಟ್. ಸೀಸ ಒಳಗೆ ಹೋಗುವುದು ಅದರ ತೂತಿನಿಂದ. ಗುಂಡು ಗಟ್ಟಿಯಾದ ಮೇಲೆ ಮೇಲುಳಿದ ಸೀಸದ ಗುಬುಟನ್ನು ಕತ್ತರಿಸುವುದೂ ಅದೇ. ಆಮೇಲೆ ಹಿಡಿಗಳು, ಹಿಡಿಗಳ ಕೀಲು.

ಎಣ್ಣೆ ಬೇಕಾದದ್ದು ನಾಲ್ಕೇ ಕಡೆ: ಪಿನ್ನುಗಳಿಗೆ, ಪ್ಲೇಟಿನ ತಿರುಪಿಗೆ, ಪ್ಲೇಟಿನ ಅಡಿ ಮತ್ತು ಅದು ಉಜ್ಜುವ ನೆತ್ತಿಗೆ, ಹಿಡಿಯ ಕೀಲಿಗೆ. ಕುಳಿಗೆ ಬೇಡ. ಹೋಳುಗಳು ಒಂದಕ್ಕೊಂದು ಮುಖ ಕೊಡುವ ಜಾಗಕ್ಕೂ ಬೇಡ. ಅಲ್ಲಿ ಗಾಳಿ ಹೊರಗೆ ಹೋಗಲೆಂದು ಕೂದಲೆಳೆಯಂಥ ಗೀರುಗಳನ್ನು ಕೊರೆದಿರುತ್ತಾರೆ. ಎಣ್ಣೆ ಸುಟ್ಟ ಮಸಿ ಅದರಲ್ಲಿ ತುಂಬಿದರೆ ಗಾಳಿ ಒಳಗೇ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿ ಗಮನದಲ್ಲಿರಲಿ. ಕೆಲಸ ನಡೆಯುವಾಗ ಅಚ್ಚು ಸುಮಾರು 175ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಎಣ್ಣೆ ನೀರಿನಷ್ಟು ತೆಳ್ಳಗಾಗಿ ಸಂದು ಸಿಕ್ಕ ಕಡೆ ಹರಿಯುತ್ತದೆ. ನೀವು ಹಚ್ಚಿದ್ದು ಪಿನ್ನಿಗೇ ಇರಬಹುದು, ಹತ್ತು ನಿಮಿಷದಲ್ಲಿ ಅದು ಕುಳಿಯಲ್ಲಿರುತ್ತದೆ.

## ಕೈ ಹಾಕುವ ಮೊದಲು

ಸೀಸ 327.5 ಡಿಗ್ರಿಗೆ ಕರಗುತ್ತದೆ. ಎರಕಕ್ಕೆ ಸಾಮಾನ್ಯವಾಗಿ 350ರಿಂದ 400 ಡಿಗ್ರಿ ಸಾಕು. ಆ ಮಟ್ಟದಲ್ಲಿ ಹೊಗೆಗಿಂತ ಹೆಚ್ಚು ಅಪಾಯ ಮೇಲೆ ತೇಲುವ ಕಿಟ್ಟದ ಪುಡಿಯಿಂದ, ಸೀಸ ಮುಟ್ಟಿದ ಕೈಯಿಂದ. ಬಿಸಿ 500 ಡಿಗ್ರಿಯ ಹತ್ತಿರ ಹೋದರೆ ಹೊಗೆಯೂ ಅಪಾಯವೇ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಅಲ್ಲಿ ತಿನ್ನಬೇಡಿ, ಕುಡಿಯಬೇಡಿ, ಸೇದಬೇಡಿ. ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕರಗಿದ ಸೀಸಕ್ಕೆ ನೀರು ತಾಕಬಾರದು. ಒಂದೇ ಹನಿ ಸೀಸದ ಅಡಿಗೆ ಸಿಕ್ಕಿಕೊಂಡರೂ ಕ್ಷಣದಲ್ಲಿ ಆವಿಯಾಗಿ ಪಾತ್ರೆಯ ಸೀಸವನ್ನೆಲ್ಲ ಮೇಲಕ್ಕೆ ಎರಚುತ್ತದೆ. ಕಣ್ಣಿಗೆ ಕನ್ನಡಕ, ಮುಖಕ್ಕೆ ಗುರಾಣಿ, ದಪ್ಪ ಕೈಗವಸು, ಪೂರ್ತಿ ಮುಚ್ಚಿದ ಶೂ ಇರಲಿ. ನೈಲಾನ್ ಬಟ್ಟೆ ಬೇಡ, ಹತ್ತಿಯದು ಹಾಕಿ.

ಇನ್ನೊಂದು ಮಾತು ಈ ಬರಹಕ್ಕೇ ಸಂಬಂಧಿಸಿದ್ದು. ಅಚ್ಚು ತೊಳೆಯುವ ಅಸಿಟೋನ್, ಸ್ಪಿರಿಟ್, ಬ್ರೇಕ್ ಕ್ಲೀನರ್ ಎಲ್ಲವನ್ನೂ ತಣ್ಣಗಿರುವ ಅಚ್ಚಿಗೆ, ಒಲೆಯಿಂದ ದೂರದಲ್ಲಿ ಮಾತ್ರ ಬಳಸಬೇಕು. ಅಸಿಟೋನಿನ ಆವಿ ಬೆಂಕಿ ಹುಡುಕಿಕೊಂಡು ಹೋಗುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಜಾಸ್ತಿ ಬಿಸಿಯಾದರೆ ವಿಷದ ಅನಿಲ ಬಿಡುತ್ತದೆ. ಡಬ್ಬಿಯ ಮೇಲೆ ಕ್ಲೋರಿನ್ ರಹಿತ ಎಂದು ಬರೆದದ್ದನ್ನೇ ಕೊಳ್ಳಿ.

## ಗುಂಡಿನ ಮೈಮೇಲೆ ಸುಕ್ಕು

ಎಲ್ಲರೂ ಮೊದಲು ಕಾಣುವ ದೋಷ ಇದು. ಇದಕ್ಕೆ ಎರಡು ಮುಖ್ಯ ಕಾರಣ, ಒಂದು ತಣ್ಣನೆಯ ಅಚ್ಚು, ಇನ್ನೊಂದು ಕುಳಿಯೊಳಗಿನ ಜಿಡ್ಡು. ನೋಡಲು ಎರಡೂ ಒಂದೇ ಥರ. ಬೇರೆ ಮಾಡಿ ಗುರುತಿಸಲು ಕಾಸು ಖರ್ಚಿಲ್ಲದ ಒಂದು ದಾರಿ ಇದೆ.

ಇಪ್ಪತ್ತು ಗುಂಡು ಹೊಯ್ಯಿರಿ, ಬಿದ್ದ ಕ್ರಮದಲ್ಲೇ ಸಾಲಾಗಿ ಇಡಿ. ಪ್ರತಿ ಗುಂಡೂ ಅಚ್ಚಿನಲ್ಲಿ ಹೇಗಿತ್ತೋ ಅದೇ ದಿಕ್ಕಿಗೆ ಮುಖ ಮಾಡಿರಲಿ. ಆಮೇಲೆ ಸಾಲನ್ನು ನೋಡಿ. ಸುಕ್ಕು ಮೈತುಂಬಾ ಇದ್ದು, ಅಂಚುಗಳು ಮೊಂಡಾಗಿದ್ದು, ಒಂದರಿಂದ ಇಪ್ಪತ್ತಕ್ಕೆ ಬರುತ್ತ ಎಲ್ಲ ಕಡೆ ಒಟ್ಟಿಗೆ ಕಡಿಮೆಯಾಗುತ್ತಿದ್ದರೆ ಅಚ್ಚು ತಣ್ಣಗಿತ್ತು, ಅಷ್ಟೆ. ಬೇಗ ಬೇಗ ಹೊಯ್ಯಿರಿ. ಇಲ್ಲವೇ ಶುರು ಮಾಡುವ ಮೊದಲು ಅಚ್ಚನ್ನು ಹಾಟ್ ಪ್ಲೇಟಿನ ಮೇಲಿಟ್ಟು ಕಾಯಿಸಿ. ಎಣ್ಣೆಯ ತಂಟೆಗೆ ಹೋಗಬೇಡಿ.

ಗುಂಡಿನ ಉಳಿದ ಭಾಗ ಚೂಪಾಗಿ, ಚೆನ್ನಾಗಿ ತುಂಬಿಕೊಂಡಿದ್ದರೂ ಒಂದೇ ಜಾಗದಲ್ಲಿ ಸುಕ್ಕು ಮತ್ತೆ ಮತ್ತೆ ಬರುತ್ತಿದ್ದರೆ ಅದು ಜಿಡ್ಡು. ಸುಕ್ಕು ಯಾವ ಕಡೆ ಇದೆ ಎಂಬುದರಿಂದ ಜಿಡ್ಡು ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ. ಬುಡದ ಹತ್ತಿರ, ಅಂದರೆ ಅಚ್ಚಿನಲ್ಲಿ ಪ್ಲೇಟಿನ ಕಡೆಗಿದ್ದ ತುದಿಯಲ್ಲಿ ಇದ್ದರೆ ಸ್ಪ್ರೂ ಪ್ಲೇಟಿನ ಎಣ್ಣೆ ಇಳಿದಿದೆ. ಹೋಳುಗಳು ಸೇರುವ ಗೆರೆಯ ಉದ್ದಕ್ಕೂ ಇದ್ದರೆ ಪಿನ್ನಿನದು. ಒಂದು ಹೋಳಿನ ಕಡೆ ಮಾತ್ರ ಇದ್ದರೆ ಆ ಹೋಳಿನ ಕುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣದ ತೆಳು ಕಲೆಯೋ, ಕಾಮನಬಿಲ್ಲಿನಂಥ ಬಣ್ಣದ ಪೊರೆಯೋ ಕಂಡರೆ ಕಳ್ಳ ಸಿಕ್ಕಿದ.

ಜಿಡ್ಡಿನಿಂದ ಸುಕ್ಕು ಯಾಕೆ ಬರುತ್ತದೆ ಅಂದರೆ, ಕರಗಿದ ಸೀಸ ತಾಕಿದ ಕೂಡಲೇ ಎಣ್ಣೆ ಆವಿಯಾಗುತ್ತದೆ. ಆ ಆವಿಯ ತೆಳು ಪದರ ಸೀಸವನ್ನು ಗೋಡೆಗೆ ಅಂಟಲು ಬಿಡುವುದಿಲ್ಲ. ಸೀಸ ಅಲ್ಲೇ ಮಡಚಿಕೊಂಡು ಗಟ್ಟಿಯಾಗುತ್ತದೆ.

ತೊಳೆಯುವುದು ಹೀಗೆ. ಅಚ್ಚು ಪೂರ್ತಿ ತಣ್ಣಗಾಗಲಿ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು. ಇದರಲ್ಲೇ ಬಹಳಷ್ಟು ಹೋಗುತ್ತದೆ. ಆ ಬ್ರಷ್ಷು, ಆ ಬೋಗುಣಿ ಮತ್ತೆ ಮನೆ ಬಳಕೆಗೆ ಬರಬಾರದು, ತೊಳೆಯುವುದೂ ಅಡುಗೆಮನೆಯಲ್ಲಿ ಅಲ್ಲ. ಸೋಪಿಗೆ ಬಗ್ಗದಿದ್ದರೆ ಅಸಿಟೋನ್ ಅದ್ದಿದ ಹತ್ತಿ ಕಡ್ಡಿ. ಕಡ್ಡಿ ಬೆಳ್ಳಗೆ ವಾಪಸ್ ಬರುವವರೆಗೂ ಉಜ್ಜಿ. ಹೊಸ ಅಚ್ಚಾದರೆ ಇದನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ, ಯಾಕೆಂದರೆ ಕಾರ್ಖಾನೆಯಲ್ಲಿ ಕೊರೆಯುವಾಗ ಹಾಕಿದ ಎಣ್ಣೆ ಲೋಹದ ಸಣ್ಣ ಸಣ್ಣ ಗೀರುಗಳಲ್ಲಿ ಕೂತಿರುತ್ತದೆ. ತಂತಿಯ ಬ್ರಷ್ಷು ಬೇಡವೇ ಬೇಡ. ಕುಳಿಯ ಗೋಡೆಗೆ ಬಿದ್ದ ಗೀರು ಮುಂದೆ ಹೊಯ್ಯುವ ಪ್ರತಿ ಗುಂಡಿನ ಮೇಲೂ ಮೂಡುತ್ತದೆ. ತೊಳೆದ ಮೇಲೆ ಹಾಟ್ ಪ್ಲೇಟಿನ ಮೇಲೆ ಚೆನ್ನಾಗಿ ಒಣಗಿಸಿ. ತಿರುಪಿನ ತೂತಿನಲ್ಲಿ ನೀರು ಅಡಗಿ ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸಾಲದು.

ಈಗ ಎಲ್ಲೂ ಎಣ್ಣೆ ಹಚ್ಚದೆ ಹತ್ತು ಗುಂಡು ಹೊಯ್ದು ನೋಡಿ. ಸುಕ್ಕು ಹೋಯಿತಾ? ಹಾಗಾದರೆ ರೋಗ ಗೊತ್ತಾಯಿತು. ಎಣ್ಣೆಯಿಲ್ಲದೆ ಹತ್ತು ಗುಂಡಿಗೆ ಅಚ್ಚು ಹಾಳಾಗುವುದಿಲ್ಲ, ಪ್ಲೇಟನ್ನು ಮಾತ್ರ ನಿಧಾನವಾಗಿ ತಿರುಗಿಸಿ.

ಅಚ್ಚೂ ಬಿಸಿ, ಕುಳಿಯೂ ಸ್ವಚ್ಛ, ಆದರೂ ಸುಕ್ಕು ಬಂದರೆ ಸೀಸವನ್ನೇ ಅನುಮಾನಿಸಬೇಕು. ವಾಹನದ ಚಕ್ರದ ಸಮತೋಲಕ್ಕೆ ಕೂರಿಸುವ ಹಳೆಯ ತೂಕಗಳನ್ನು ಕರಗಿಸಿದ್ದರೆ ಅದರಲ್ಲಿ ಸತು ಸೇರಿರಬಹುದು. ಸತು ಕರಗುವುದು 419.5 ಡಿಗ್ರಿಗೆ. ಪಾತ್ರೆಯ ಬಿಸಿ ಅದಕ್ಕಿಂತ ಕೆಳಗಿದ್ದರೆ ಸತುವಿನ ತೂಕಗಳು ಕರಗದೆ ತೇಲುತ್ತವೆ, ಎತ್ತಿ ಹಾಕಬಹುದು. ಒಮ್ಮೆ ಬೆರೆತುಹೋದರೆ ಸೀಸ ತರಿ ತರಿಯಾಗಿ ಅಚ್ಚು ತುಂಬಲು ಒಪ್ಪುವುದಿಲ್ಲ. ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

## ಗುಂಡಿನ ಬುಡದ ಅಂಚು ಮೊಂಡು

ಮೈ ಚೆನ್ನಾಗಿದೆ, ಬುಡದ ಅಂಚು ಮಾತ್ರ ಚೂಪಿಲ್ಲ. ಮೊದಲು ಪ್ಲೇಟಿನ ತಿರುಪು ನೋಡಿ. ತೀರಾ ಬಿಗಿ ಇದ್ದರೆ ಪ್ಲೇಟಿನ ಅಡಿಯಿಂದ ಗಾಳಿ ಹೋಗಲು ದಾರಿ ಇರುವುದಿಲ್ಲ. ಅರ್ಧ ಸುತ್ತು ಸಡಿಲಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಅದು ಸರಿಯಿದ್ದರೆ ಪ್ಲೇಟಿನ ಅಡಿಯಲ್ಲಿ ಎಣ್ಣೆ ಜಾಸ್ತಿಯಾಗಿದೆ. ಒಣ ಬಟ್ಟೆಯಿಂದ ಒರೆಸಿ, ಹೊಳಪಷ್ಟೇ ಉಳಿಯುವ ಹಾಗೆ.

## ಸ್ಪ್ರೂ ಪ್ಲೇಟ್ ಬಿಗಿ, ನೆತ್ತಿಯ ಮೇಲೆ ಸೀಸದ ಸವರಿಕೆ

ಪ್ಲೇಟನ್ನು ಪಕ್ಕಕ್ಕೆ ಸರಿಸಿದಾಗ ಹೋಳುಗಳ ನೆತ್ತಿಯ ಮೇಲೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಗೆರೆ ಕಾಣುತ್ತದಾ? ಅದು ಸೀಸ. ಪ್ಲೇಟು ಕತ್ತರಿಸುವಾಗ ಅರೆಗಟ್ಟಿ ಸೀಸವನ್ನು ಸುಣ್ಣ ಬಳಿದ ಹಾಗೆ ಬಳಿದುಕೊಂಡು ಹೋಗಿದೆ. ಬಿಟ್ಟರೆ ಪ್ಲೇಟು ಆ ಪದರದ ಮೇಲೆ ಏರಿ ಕೂರುತ್ತದೆ. ಆಗ ಸೀಸ ಸಂದಿಗೆ ಹರಿದು ಗುಂಡಿನ ಬುಡಕ್ಕೆ ತೆಳು ರೆಕ್ಕೆ ಮೂಡುತ್ತದೆ, ಪ್ಲೇಟು ಇನ್ನೂ ಬಿಗಿಯಾಗುತ್ತದೆ, ಜನ ಸುತ್ತಿಗೆ ತೆಗೆದುಕೊಳ್ಳುತ್ತಾರೆ.

ಎಣ್ಣೆ ಹುಡುಕುವ ಮೊದಲು ಗಡಿಯಾರ ನೋಡಿ. ನೀವು ಬೇಗ ಕತ್ತರಿಸುತ್ತಿದ್ದೀರಿ. ಹೊಯ್ದ ಕೂಡಲೇ ಮೇಲಿನ ಗುಬುಟು ಹೊಳೆಯುತ್ತಿರುತ್ತದೆ, ಆಮೇಲೆ ಒಮ್ಮೆಲೇ ಮಂಕಾಗುತ್ತದೆ. ಮಂಕಾದ ಮೇಲೂ ಮೂರರಿಂದ ಐದು ಸೆಕೆಂಡ್ ಕಾಯಿರಿ. ಮಂಕಾಗಲಿಕ್ಕೇ ಹತ್ತು ಹದಿನೈದು ಸೆಕೆಂಡ್ ಹಿಡಿಯುತ್ತಿದ್ದರೆ ಅಚ್ಚು ವಿಪರೀತ ಬಿಸಿಯಾಗಿದೆ. ಗುಂಡುಗಳ ಮೇಲೆ ಇಬ್ಬನಿ ಬಿದ್ದಂಥ ಮಸುಕೂ ಇರುತ್ತದೆ. ಸ್ವಲ್ಪ ಹೊತ್ತು ಅಚ್ಚು ತೆರೆದಿಟ್ಟು ಫ್ಯಾನಿನ ಗಾಳಿಗೆ ಹಿಡಿಯಿರಿ. ಒದ್ದೆ ಬಟ್ಟೆಗೆ ಒತ್ತಿ ತಣಿಸುವವರಿದ್ದಾರೆ. ಸೀಸದ ಪಾತ್ರೆ ಪಕ್ಕದಲ್ಲಿರುವಾಗ ನೀರು ತರುವ ಧೈರ್ಯ ನನಗಿಲ್ಲ.

ಕತ್ತರಿಸುವ ಹೊತ್ತು ಸರಿಯಿದ್ದೂ ಸವರಿಕೆ ಬಂದರೆ ಆಗ ಎಣ್ಣೆಯ ಮಾತು. ಅಚ್ಚು ಕೆಲಸದ ಬಿಸಿಗೆ ಬಂದ ಮೇಲೆ, ಕುಳಿಯಲ್ಲಿ ಗುಂಡು ಇರುವಾಗಲೇ ಪ್ಲೇಟನ್ನು ತೆರೆಯಿರಿ. ಕುಳಿಯ ಬಾಯಿ ಗುಂಡಿನಿಂದಲೇ ಮುಚ್ಚಿರುತ್ತದೆ, ಎಣ್ಣೆ ಒಳಗೆ ಇಳಿಯುವುದಿಲ್ಲ. ಹತ್ತಿ ಕಡ್ಡಿಯ ತುದಿಯನ್ನು ಟೂ-ಸ್ಟ್ರೋಕ್ ಎಂಜಿನ್ನಿಗೆ ಹಾಕುವ ಸಿಂಥೆಟಿಕ್ 2ಟಿ ಆಯಿಲ್‌ಗೆ ಸೋಕಿಸಿ, ಬಟ್ಟೆಗೆ ಒತ್ತಿ ಹಿಂಡಿ. ಒದ್ದೆ ಇದೆಯೋ ಇಲ್ಲವೋ ಎನ್ನುವಷ್ಟು ಉಳಿಯಲಿ. ಅದರಿಂದ ನೆತ್ತಿಯನ್ನೂ ಪ್ಲೇಟಿನ ಅಡಿಯನ್ನೂ ಒಂದು ಸಲ ಸವರಿ, ಒಣ ಹತ್ತಿಬಟ್ಟೆಯಿಂದ ಒರೆಸಿಬಿಡಿ. ಹಚ್ಚಿದ್ದನ್ನೇ ಒರೆಸುವುದಾದರೆ ಹಚ್ಚುವುದು ಯಾಕೆ ಅನ್ನಿಸಬಹುದು. ಒರೆಸಿದ ಮೇಲೂ ಲೋಹದ ಮೈಯಲ್ಲಿ ಉಳಿಯುವ ಪೊರೆಯೇ ಕೆಲಸ ಮಾಡುವುದು, ಅದರ ಮೇಲಿನದೆಲ್ಲ ತೊಂದರೆಯೇ. ಒಂದು ಹನಿ ಅಂದರೆ ಸುಮಾರು 0.05 ಮಿಲಿಲೀಟರ್. ಇಡೀ ನೆತ್ತಿಗೆ ಅದೂ ಜಾಸ್ತಿ.

ಆಗಲೇ ಅಂಟಿಕೊಂಡ ಸೀಸ ತೆಗೆಯುವುದಕ್ಕೂ ಇದೇ ಎಣ್ಣೆ. ಅಚ್ಚು ಚೆನ್ನಾಗಿ ಬಿಸಿ ಇರುವಾಗ, ಕೈಗವಸು ಹಾಕಿಕೊಂಡು, ಗಟ್ಟಿ ಮರದ ಚಪ್ಪಟೆ ಕಡ್ಡಿಯ ತುದಿಗೆ ಎಣ್ಣೆ ಸೋಕಿಸಿ ಸವರಿಕೆಯ ಮೇಲೆ ಒತ್ತಿ ಉಜ್ಜಿದರೆ ಅದು ಸುರುಳಿಯಾಗಿ ಎದ್ದು ಬರುತ್ತದೆ. ಚಾಕು, ಅರ, ಮರಳು ಕಾಗದ ಮುಟ್ಟಬೇಡಿ. ನೆತ್ತಿಯ ಸಮತಟ್ಟು ಹೋದರೆ ಬುಡದ ರೆಕ್ಕೆ ಕಾಯಂ ಆಗುತ್ತದೆ.

ಕೊನೆಗೆ ಪ್ಲೇಟಿನ ತಿರುಪು. ಅದರ ಬಿಗಿಯನ್ನು ಅಚ್ಚು ಬಿಸಿ ಇರುವಾಗಲೇ ನೋಡಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 25 ಮಿಲಿಮೀಟರ್ ಅಲ್ಯೂಮಿನಿಯಂ 175 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕು 0.05. ತಿರುಪಿನ ತೂತು ತಿರುಪಿಗಿಂತ ಹೆಚ್ಚು ದೊಡ್ಡದಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಪ್ಲೇಟು ತಿರುಗಿದಂತೆಲ್ಲ ತಿರುಪೂ ಜೊತೆಗೆ ತಿರುಗತೊಡಗುತ್ತದೆ. ಬಿಸಿ ಅಚ್ಚನ್ನು ಓರೆ ಮಾಡಿದಾಗ ಪ್ಲೇಟು ತನ್ನ ಭಾರಕ್ಕೇ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಬಾರದು. ಹಾಗಿದ್ದರೆ ಸರಿ.

## ನೆತ್ತಿಯಲ್ಲಿ, ಪಿನ್ನಿನ ತೂತಿನಲ್ಲಿ ಗೀರು

ಉಗುರು ಆಡಿಸಿದರೆ ತಡೆಯುವಂಥ ಗೀರು, ಅದರ ಕೊನೆಯಲ್ಲಿ ಸಣ್ಣ ಲೋಹದ ಗುಪ್ಪೆ. ಇದು ಸೀಸದ ಸವರಿಕೆಯಲ್ಲ, ಲೋಹವೇ ಕಿತ್ತು ಬಂದದ್ದು. ಅಲ್ಯೂಮಿನಿಯಂ ಅಚ್ಚಿನಲ್ಲಿ ಇದು ಜಾಸ್ತಿ. ಉಕ್ಕು ಒಣಗಿ ಉಜ್ಜಿದಾಗ ಅಲ್ಯೂಮಿನಿಯಂ ಅದಕ್ಕೆ ಅಂಟಿ, ಕಿತ್ತು, ಮತ್ತೆ ತನ್ನನ್ನೇ ಉಳುತ್ತದೆ. ಎಣ್ಣೆ ಕಡಿಮೆಯಾದದ್ದರಿಂದ ಆಗುವ ನಿಜವಾದ ಹಾನಿ ಇದೊಂದೇ ಅಂತ ನನ್ನ ಅನುಭವ.

ಗೀರು ಕಂಡ ಕೂಡಲೇ ನಿಲ್ಲಿಸಿ. ಮುಂದುವರಿದರೆ ಆ ಗುಪ್ಪೆಯೇ ಉಳಿಯಾಗುತ್ತದೆ. ಪ್ಲೇಟು ಬಿಚ್ಚಿ, ಅಡಿಯಲ್ಲಿ ಅಂಟಿದ ಅಲ್ಯೂಮಿನಿಯಂ ಇದ್ದರೆ ಸಮತಟ್ಟಾದ ಗಾಜಿನ ಮೇಲೆ ಅತಿ ನುಣುಪಿನ ಮರಳು ಕಾಗದ ಹಾಸಿ ಪ್ಲೇಟನ್ನು ಅದರ ಮೇಲೆ ಉಜ್ಜಿ. ಪ್ಲೇಟಿಗೆ ಮಾತ್ರ ಈ ಉಪಚಾರ, ಹೋಳುಗಳಿಗಲ್ಲ. ಪ್ಲೇಟಿನ ಕತ್ತರಿಸುವ ತೂತಿನ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳು ಎದ್ದಿದ್ದರೆ ಅದೂ ಇದರಲ್ಲೇ ಹೋಗುತ್ತದೆ.

ಪಿನ್ನುಗಳಿಗೆ ನನ್ನ ಆಯ್ಕೆ ಆಂಟಿ-ಸೀಜ್ ಪೇಸ್ಟ್, ಅಂದರೆ ಲೋಹ ಲೋಹಕ್ಕೆ ಕಚ್ಚಿಕೊಳ್ಳದಂತೆ ತಡೆಯುವ, ಲೋಹದ ಪುಡಿ ಬೆರೆಸಿದ ಗ್ರೀಸು. ತಾಮ್ರದ ಪುಡಿ ಇರುವುದನ್ನು ಸುಮಾರು 980 ಡಿಗ್ರಿಯವರೆಗೆ, ನಿಕಲ್ ಇರುವುದನ್ನು 1,300 ಡಿಗ್ರಿಯವರೆಗೆ ಅಂತ ಮಾರುತ್ತಾರೆ. ಆ ಅಂಕಿ ಪುಡಿಯದು, ಅದನ್ನು ಹಿಡಿದಿಟ್ಟ ಗ್ರೀಸಿನದಲ್ಲ. ಗ್ರೀಸು ಮೊದಲ ಅರ್ಧ ಗಂಟೆಯಲ್ಲೇ ಉರಿದೋ ಹರಿದೋ ಹೋಗುತ್ತದೆ. ಹಾಗಾಗಿ ಪೇಸ್ಟನ್ನು ಕಡ್ಡಿಯ ಮೊನೆಯಲ್ಲಿ ಸಾಸಿವೆ ಕಾಳಿಗಿಂತ ಕಡಿಮೆ ತೆಗೆದು ಪಿನ್ನಿಗೆ ಸುತ್ತ ಸವರಿ, ಒರೆಸಿ. ಪ್ಲೇಟಿನ ಅಡಿಗೆ ಇದನ್ನು ಹಚ್ಚಬೇಡಿ. ಪುಡಿಯ ಕಣಗಳು ಪ್ಲೇಟನ್ನು ಎತ್ತಿ ಹಿಡಿಯುತ್ತವೆ. ಆಂಟಿ-ಸೀಜ್ ಬೇಡ ಅನ್ನುವವರು ಮೆತ್ತನೆಯ ಪೆನ್ಸಿಲ್ಲಿನಿಂದ ಪಿನ್ನನ್ನು ಕಪ್ಪು ಮಾಡಿದರೂ ಸಾಕು. ಗ್ರಾಫೈಟ್ ಹರಿಯುವುದಿಲ್ಲ, ಈ ಬಿಸಿಯಲ್ಲಿ ಉರಿಯುವುದೂ ಇಲ್ಲ.

ಗೀರು ಕುಳಿಯ ಬಾಯಿಯವರೆಗೂ ಬಂದಿದ್ದರೆ, ಅಥವಾ ಪಿನ್ನಿನ ತೂತು ಸವೆದು ಹೋಳುಗಳು ಮುಚ್ಚಿದಾಗಲೂ ಅಲುಗುತ್ತಿದ್ದರೆ ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಅಚ್ಚು ಮಾಡಿದವರಿಗೇ ಕಳಿಸಿ, ಇಲ್ಲವೇ ನಿಖರ ಕೆಲಸ ಬಲ್ಲ ಲೇತ್ ಮೆಷಿನಿನವರಿಗೆ ತೋರಿಸಿ. ಕಳಿಸುವ ಮೊದಲು ಸೀಸವನ್ನೆಲ್ಲ ತೊಳೆದು ಕಳಿಸುವುದು ಮರ್ಯಾದೆ.

## ಹೋಳುಗಳು ಪೂರ್ತಿ ಮುಚ್ಚುತ್ತಿಲ್ಲ, ಗುಂಡಿಗೆ ಎರಡೂ ಕಡೆ ರೆಕ್ಕೆ

ತಣ್ಣಗಿರುವ ಅಚ್ಚನ್ನು ಮುಚ್ಚಿ ದೀಪಕ್ಕೆ ಹಿಡಿಯಿರಿ. ಸಂದಿನಿಂದ ಬೆಳಕು ಕಂಡರೆ ನಡುವೆ ಏನೋ ಇದೆ. ಬಹಳ ಸಲ ಅದು ಹೋಳಿನ ಮುಖಕ್ಕೆ ಅಂಟಿದ ಸೀಸದ ಒಂದು ಕಾಳು. ಮರದ ಕಡ್ಡಿಯಿಂದ ತೆಗೆದರೆ ಮುಗಿಯಿತು. ಸೀಸ ಇಲ್ಲದಿದ್ದರೆ ಪಿನ್ನಿನ ತೂತಿನ ತಳ ನೋಡಿ. ಅಲ್ಲಿ ತಿಂಗಳುಗಟ್ಟಲೆ ಹಾಕಿದ ಗ್ರೀಸು ಸುಟ್ಟು ಕರಿ ಬಿರಡೆಯಂತೆ ಕೂತಿರುತ್ತದೆ, ಪಿನ್ನು ಪೂರ್ತಿ ಒಳಗೆ ಹೋಗುವುದೇ ಇಲ್ಲ. ನನಗೆ ಒಂದು ಅಚ್ಚಿನಲ್ಲಿ ಇದು ಸಿಕ್ಕಿದಾಗ ನಗು ಬಂತು. ಸರಾಗವಾಗಿ ಮುಚ್ಚಲಿ ಅಂತ ಹಾಕಿದ್ದೇ ಮುಚ್ಚಲು ಬಿಡದೆ ಕೂತಿತ್ತು. ಅಸಿಟೋನಿನಲ್ಲಿ ನೆನೆಸಿ, ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ.

## ಗುಂಡು ಬೀಳುತ್ತಿಲ್ಲ

ಇಲ್ಲಿ ಎಣ್ಣೆಯ ಬಾಟಲಿಗೆ ಕೈ ಹೋಗುವುದು ಸಹಜ, ಆದರೆ ಅದು ತಪ್ಪು ದಾರಿ. ಕುಳಿಗೆ ಎಣ್ಣೆ ಹಚ್ಚಿದರೆ ಗುಂಡು ಬೀಳಬಹುದು, ಸುಕ್ಕಾಗಿ ಬೀಳುತ್ತದೆ. ಹಿಡಿಗಳ ಕೀಲಿನ ಬೋಲ್ಟಿನ ಮೇಲೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಹೋಳುಗಳ ಮೇಲೆ ಮಾತ್ರ ಎಂದೂ ಹೊಡೆಯಬೇಡಿ. ಯಾವಾಗಲೂ ಒಂದೇ ಹೋಳಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಆ ಕುಳಿಯ ಅಂಚಿನಲ್ಲಿ ಮುಳ್ಳು ಎದ್ದಿದೆ. ಹತ್ತಿ ಕಡ್ಡಿ ಆಡಿಸಿದರೆ ಎಳೆ ಸಿಕ್ಕಿಕೊಳ್ಳುವ ಜಾಗ ಅದೇ.

ಬೆಂಕಿಕಡ್ಡಿಯ ಹೊಗೆ ಹಿಡಿದು ಕುಳಿಗೆ ಮಸಿ ಕೂರಿಸುವ ಹಳೆಯ ಪದ್ಧತಿ ಇದೆ. ಗ್ರಾಫೈಟ್ ಸ್ಪ್ರೇಗಳೂ ಇವೆ. ಕೆಲಸ ಮಾಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಪದರ ದಪ್ಪವಾದಷ್ಟೂ ಗುಂಡಿನ ಅಳತೆ ಕಿರಿದಾಗುತ್ತದೆ, ಗಾಳಿಯ ಗೀರುಗಳೂ ಮುಚ್ಚುತ್ತವೆ. ಮುಳ್ಳು ತೆಗೆಯುವುದೇ ಸರಿಯಾದ ಮದ್ದು.

## ಹೊಗೆ, ಸುಟ್ಟ ವಾಸನೆ, ಕಂದು ಅಂಟು

ಶುರುವಿನ ಎರಡು ನಿಮಿಷ ಸಣ್ಣ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬರುತ್ತಲೇ ಇದ್ದರೆ ಹಚ್ಚಿದ್ದು ಜಾಸ್ತಿ ಅಥವಾ ಹಚ್ಚಬಾರದ್ದನ್ನು ಹಚ್ಚಿದ್ದೀರಿ. ನೆತ್ತಿಯ ಮೇಲೆ ಕಂದು ಅರಗಿನಂಥ ಪದರ ಕೂತು, ಅಚ್ಚು ತಣ್ಣಗಾದಾಗ ಪ್ಲೇಟು ಅಂಟಿಕೊಂಡರೆ ಎರಡನೆಯದೇ ಖಚಿತ.

ಮಾಮೂಲಿ ಎಂಜಿನ್ ಆಯಿಲ್ ಈ ಬಿಸಿಗೆ ನಿಧಾನವಾಗಿ ಗಟ್ಟಿ ಅರಗಾಗುತ್ತದೆ. ಅಡುಗೆ ಎಣ್ಣೆ ಇನ್ನೂ ಬೇಗ. ಕಬ್ಬಿಣದ ಬಾಣಲೆಗೆ ಹಿಡಿಯುವ ಕರಿ ಪದರ ನೋಡಿದ್ದೀರಲ್ಲ, ಅದೇ ಇಲ್ಲೂ. ಬೇರಿಂಗಿಗೆ ಹಾಕುವ ಸಾಧಾರಣ ಲಿಥಿಯಂ ಗ್ರೀಸು 190-200 ಡಿಗ್ರಿಯ ಸುಮಾರಿಗೆ ಕರಗಿ ತೊಟ್ಟಿಕ್ಕುತ್ತದೆ, ಅಂದರೆ ಸರಿಯಾಗಿ ನೀವು ಕೆಲಸ ಮಾಡುವ ಬಿಸಿಗೆ. ಸಿಲಿಕೋನ್ ಸ್ಪ್ರೇ ಹೊಗೆ ಕೊಡದಿರಬಹುದು, ಆದರೆ ಅದು ಎಲ್ಲ ಕಡೆ ಹರಡಿ ಕುಳಿಗೆ ಹಿಡಿದರೆ ಬಿಡಿಸುವುದು ದೊಡ್ಡ ತಲೆನೋವು. ತುಕ್ಕು ಬಿಡಿಸುವ ಸ್ಪ್ರೇಗಳಲ್ಲಿ ಬಹುಪಾಲು ದ್ರಾವಕವೇ. ಅದು ಆರಿದ ಮೇಲೆ ಉಳಿಯುವುದು ಈ ಬಿಸಿಗೆ ನಿಲ್ಲುವುದಿಲ್ಲ.

ಟೆಫ್ಲಾನ್ ಇರುವ ಸ್ಪ್ರೇ, ಗ್ರೀಸು ಯಾವುದೂ ಬೇಡ. ಸುಮಾರು 260 ಡಿಗ್ರಿಯಿಂದ ಅದು ಕೆಡಲು ಶುರುವಾಗುತ್ತದೆ, 350 ದಾಟಿದರೆ ಒಡೆದು ವಿಷದ ಹೊಗೆ ಬಿಡುತ್ತದೆ. ಹೊಯ್ಯುವ ಸೀಸ ಅಷ್ಟು ಬಿಸಿ ಮುಟ್ಟುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ, ಎದೆ ಬಿಗಿತ ಬರುತ್ತದೆ. ಅಂಥದ್ದೇನಾದರೂ ಆದರೆ ಹೊರಗಿನ ಗಾಳಿಗೆ ಹೋಗಿ, ವೈದ್ಯರನ್ನು ಕಾಣಿ, ಏನನ್ನು ಕಾಯಿಸುತ್ತಿದ್ದೆ ಎಂದು ಮುಚ್ಚಿಡದೆ ಹೇಳಿ.

ಹಾಗಾದರೆ ಒಳ್ಳೆಯದು ಯಾವುದು? ಪ್ಲೇಟಿಗೆ, ತಿರುಪಿಗೆ ಸಿಂಥೆಟಿಕ್ 2ಟಿ ಆಯಿಲ್. ಅದನ್ನು ಮಾಡಿರುವುದೇ ಎಂಜಿನ್ನಿನೊಳಗೆ ಪೆಟ್ರೋಲಿನ ಜೊತೆ ಉರಿದು ಆದಷ್ಟು ಕಡಿಮೆ ಮಸಿ ಉಳಿಸಲಿ ಎಂದು. ಇಲ್ಲಿಯೂ ಅದೇ ಗುಣ ಉಪಕಾರಕ್ಕೆ ಬರುತ್ತದೆ. ಸ್ಪ್ರೂ ಪ್ಲೇಟಿಗೆಂದೇ ಮಾರುವ ಎಣ್ಣೆಗಳೂ ಚೆನ್ನಾಗಿರುತ್ತವೆ, ಆದರೆ ಒಂದು ಸಣ್ಣ ಬಾಟಲಿ 2ಟಿ ಇದ್ದರೆ ನನಗೆ ವರ್ಷಗಟ್ಟಲೆ ಸಾಕಾಗಿದೆ. ಪಿನ್ನಿಗೆ, ಕೀಲಿಗೆ ಆಂಟಿ-ಸೀಜ್ ಅಥವಾ ಗ್ರಾಫೈಟ್. ಜೇನುಮೇಣವನ್ನು ನೆಚ್ಚುವ ಹಳಬರಿದ್ದಾರೆ. 62-65 ಡಿಗ್ರಿಗೇ ಕರಗುವುದರಿಂದ ಬಿಸಿ ಪಿನ್ನಿಗೆ ಮುಟ್ಟಿಸಿದರೆ ಸಾಕು, ಆದರೆ ಕರಗಿದ್ದು ಓಡುತ್ತದೆ. ಕೈ ಪಳಗದವರಿಗೆ ನಾನು ಹೇಳುವುದಿಲ್ಲ.

ಕೂತ ಅರಗನ್ನು ತೆಗೆಯಲು ಅಸಿಟೋನಿನಲ್ಲಿ ರಾತ್ರಿಯಿಡೀ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ನೆನೆಸಿ, ಬೆಳಗ್ಗೆ ಬ್ರಷ್ಷು ಹಾಕಿ. ಮರದ ಹಿಡಿಗಳನ್ನು ಮೊದಲು ಬಿಚ್ಚಿಡಿ.

## ಹಿಡಿಯ ಕೀಲು ಕಿರುಗುಟ್ಟುತ್ತಿದೆ

ಒಂಚೂರು ಆಂಟಿ-ಸೀಜ್ ಹಚ್ಚಿ, ಹತ್ತು ಸಲ ತೆರೆದು ಮುಚ್ಚಿ, ಹೊರಗೆ ಬಂದದ್ದನ್ನು ಒರೆಸಿ. ಕೀಲು ಕುಳಿಯಿಂದ ದೂರ ಇರುವುದರಿಂದ ಇಲ್ಲಿ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. ಹಚ್ಚಿದ ಮೇಲೂ ಒಂದು ಕಡೆ ಹೋಳು ವಾರೆಯಾಗಿ ಮುಚ್ಚುತ್ತಿದ್ದರೆ ಹಿಡಿ ಸೊಟ್ಟಗಾಗಿದೆ, ಎಣ್ಣೆಗೆ ಅದು ನೆಟ್ಟಗಾಗುವುದಿಲ್ಲ.

## ಕೆಲಸ ನಿಲ್ಲಿಸಬೇಕಾದ ಹೊತ್ತು

ಹೋಳಿನಲ್ಲಿ ಬಿರುಕು ಕಂಡರೆ, ಪ್ಲೇಟು ಬಾಗಿ ಸಂದಿನಿಂದ ಸೀಸ ಹೊರಗೆ ಚಿಮ್ಮಿದರೆ, ಒಣಗಿಸಿದ ಮೇಲೂ ಅಚ್ಚಿನೊಳಗಿಂದ ಚಟಪಟ ಸದ್ದು ಬಂದರೆ ಅಂದಿಗೆ ಒಲೆ ಆರಿಸಿ. ಚಟಪಟ ಅಂದರೆ ಒಳಗೆಲ್ಲೋ ತೇವ ಇದೆ ಅಂತ ಅರ್ಥ.

ನಿಮ್ಮ ಮೈಯ ಲಕ್ಷಣಗಳನ್ನೂ ಕಡೆಗಣಿಸಬೇಡಿ. ಕಾರಣವಿಲ್ಲದ ಹೊಟ್ಟೆನೋವು, ಮಲಬದ್ಧತೆ, ತಲೆನೋವು, ಬಿಡದ ಸುಸ್ತು ಇದ್ದರೆ ವೈದ್ಯರಲ್ಲಿ ಸೀಸದ ಕೆಲಸದ ವಿಷಯ ಹೇಳಿ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷೆ ಮಾಡಿಸಿ. ನಿಯಮಿತವಾಗಿ ಎರಕ ಹೊಯ್ಯುವವರು ಲಕ್ಷಣ ಬರುವವರೆಗೂ ಕಾಯದೆ ಮಾಡಿಸಿಕೊಳ್ಳುವುದು ಲೇಸು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇನ್ನೂ ಮುಖ್ಯ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಸೀಸಕ್ಕೆ ಇಟ್ಟ ಎಚ್ಚರಿಕೆಯ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಅಷ್ಟು ಸೀಸ ಹೋಗಲು ನಿಮ್ಮ ಅಂಗಿಯ ತೋಳಿನ ಧೂಳೂ ಕಾರಣವಾಗಬಹುದು.

## ಎತ್ತಿಟ್ಟ ಅಚ್ಚಿಗೆ ತುಕ್ಕು

ಇದು ಬೀಡುಕಬ್ಬಿಣದ ಅಚ್ಚಿನ ಕಾಯಿಲೆ, ಅಲ್ಯೂಮಿನಿಯಂ ಇಟ್ಟುಕೊಂಡವರು ಬರೇ ಪಿನ್ನು, ಪ್ಲೇಟು ನೋಡಿಕೊಂಡರೆ ಸಾಕು. ಕೆಂಪು ಧೂಳಿನಂಥ ತುಕ್ಕಾದರೆ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಕುಳಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಗುಳಿ ಬಿದ್ದಿದ್ದರೆ ಗುಂಡಿನ ಮೇಲೆ ಅಷ್ಟೇ ಸಂಖ್ಯೆಯ ಗುಬ್ಬೆಗಳು ಏಳುತ್ತವೆ, ಗುಂಡು ಅಂಟಿಕೊಳ್ಳುತ್ತದೆ. ಅಂಥ ಅಚ್ಚನ್ನು ಉಳಿಸುವುದು ಕಷ್ಟ.

ತಡೆಯುವುದಕ್ಕೆ ಮಾತ್ರ, ಕುಳಿಗೆ ಎಣ್ಣೆ ಹಾಕಬಾರದು ಎಂಬ ನಿಯಮವನ್ನು ಮುರಿಯಬಹುದು. ಅಚ್ಚು ತಣ್ಣಗಾದ ಮೇಲೆ ತುಕ್ಕು ತಡೆಯುವ ಎಣ್ಣೆಯನ್ನು ಎಲ್ಲ ಕಡೆ ತೆಳುವಾಗಿ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಎಣ್ಣೆ ಬೇಡ ಅನ್ನುವವರಿಗೆ ತುಕ್ಕು ತಡೆಯುವ ಆವಿ ಬಿಡುವ ಕಾಗದ ಸಿಗುತ್ತದೆ. ಅದರಲ್ಲಿ ಸುತ್ತಿಟ್ಟರೆ ಮುಂದಿನ ಸಲ ತೊಳೆಯುವ ಕೆಲಸ ಉಳಿಯುತ್ತದೆ.

ಎಣ್ಣೆ ಹಚ್ಚಿ ಇಟ್ಟರೆ ಡಬ್ಬಿಯೊಳಗೆ ಒಂದು ಚೀಟಿ ಹಾಕಿ: "ಎಣ್ಣೆ ಇದೆ, ತೊಳೆದು ಹೊಯ್ಯಿ." ನಾನು ಚೀಟಿ ಹಾಕಲು ಶುರು ಮಾಡಿದ್ದು, ಮರೆತು ಎರಡನೇ ಸಲ ಒಂದು ಬೋಗುಣಿ ತುಂಬಾ ಸುಕ್ಕುಗುಂಡು ಹೊಯ್ದ ಮೇಲೆ.